ಗೂಡ್ಸ್ ರೈಲಿನಲ್ಲಿ ಬರಬೇಕಿದ್ದ ರಾಗಿ

ನಡೆದು ಹೋಗುವ ಮನುಷ್ಯ ರೈಲನ್ನು ಹಿಂದೆ ಹಾಕುತ್ತಿದ್ದ ದಿನಗಳವು. ಉತ್ಪ್ರೇಕ್ಷೆ ಎಂದು ನಿಮಗೆ ಅನ್ನಿಸಿದರೆ ನನ್ನ ತಕರಾರಿಲ್ಲ. ನನಗೂ ಹಾಗೇ ಅನ್ನಿಸುತ್ತದೆ. ಕಲ್ಕತ್ತೆಯ ಕಾಲೇಜೊಂದರಲ್ಲಿ ಇಪ್ಪತ್ತೈದು ವರ್ಷದಿಂದ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಕೇಳಿದ್ದನ್ನೆಲ್ಲ ನಂಬಬೇಡಿ ಎಂದು ಹುಡುಗರಿಗೆ ಹೇಳುವುದೇ ನನ್ನ ಕಸುಬು. ಈಗ ಹೇಳಹೊರಟಿರುವ ಕತೆಯನ್ನು ಕಂಡವನು ಒಂಬತ್ತು ವರ್ಷದ, ಸದಾ ಮೂಗು ಸೋರುತ್ತಿದ್ದ ಒಬ್ಬ ಹುಡುಗ. ಅವನ ಮಾತನ್ನು ನಾನು ಎಷ್ಟು ನಂಬುತ್ತೇನೆ ಎಂಬುದನ್ನು ಅಲ್ಲಲ್ಲೇ ಹೇಳಿಬಿಡುತ್ತೇನೆ.

ಆಗ ನಾವು ಕಲ್ಕತ್ತೆಯ ಲೇಕ್ ಗಾರ್ಡನ್ಸಿನಲ್ಲಿ ಬಾಡಿಗೆಗಿದ್ದೆವು. ಅಪ್ಪ ಬಿಬಿಡಿ ಬಾಗಿನಲ್ಲಿ ಚಹಾ ವ್ಯಾಪಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಒಂದು ಚಳಿಗಾಲ ಕಚೇರಿಯವರು ಅವರನ್ನು ಡಾರ್ಜಿಲಿಂಗ್ ಬೆಟ್ಟದ ಅರ್ಧ ದಾರಿಯಲ್ಲಿದ್ದ ಸಣ್ಣ ಸ್ಟೇಷನ್ನೊಂದಕ್ಕೆ ಕಳಿಸಿದರು. ತೋಟಗಳಿಂದ ಇಳಿದು ಬರುವ ವರ್ಷದ ಕೊನೆಯ ಚಹಾ ಪೆಟ್ಟಿಗೆಗಳು ಗೂಡ್ಸ್ ರೈಲು ಹತ್ತುವವರೆಗೂ ಪಕ್ಕದಲ್ಲೇ ನಿಂತು ನೋಡಿಕೊಳ್ಳುವ ಕೆಲಸ. ಮೂರು ತಿಂಗಳ ಮಟ್ಟಿಗೆ ಒಂದು ತಗಡಿನ ಮನೆ ಸಿಕ್ಕಿತು. ನಾವೆಲ್ಲ ಹೊರಟೆವು: ಅಪ್ಪ, ಅಮ್ಮ, ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಅಕ್ಕ ಸರೋಜ, ನಾನು. ಜೊತೆಗೆ ಮದ್ದೂರಿನಿಂದ ಬಂದ ತಾತ.

ತಾತ ಅಪ್ಪನ ಅಪ್ಪ. ಅಜ್ಜಿ ಊರಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದಳು. ಎರಡು ಎಮ್ಮೆ ಬಿಟ್ಟು ಹಿಮಾಲಯ ನೋಡಲು ಬರುವಷ್ಟು ನನಗೆ ಬುದ್ಧಿ ಕೆಟ್ಟಿಲ್ಲ ಎಂದಿದ್ದಳಂತೆ. ತಾತನಿಗೆ ಕೆಟ್ಟಿತ್ತು. ಸಾಯುವ ಮೊದಲು ಒಮ್ಮೆ ಹಿಮದ ಬೆಟ್ಟ ನೋಡಬೇಕೆಂದು, ಮೂರು ರೈಲು ಬದಲಿಸಿ, ಒಂದು ತಗಡಿನ ಟ್ರಂಕು ಹೊತ್ತು ಬಂದಿದ್ದರು. ಬಂದ ದಿನದಿಂದ ಬೆಟ್ಟದ ಮೇಲೆ ಮಂಜು ಕವಿದು ಕೂತಿತ್ತು. ಹತ್ತು ದಿನ ಕಾದರು.

"ಎಲ್ಲೈತ್ಲಾ ನಿನ್ ಹಿಮಾಲಯ?"

"ಅಲ್ಲೇ ಇದೆ ತಾತ, ಆ ಮೋಡದ ಹಿಂದೆ."

"ಮೋಡದ ಹಿಂದ್ಗಡೆ ನಮ್ ಮದ್ದೂರೂ ಐತೆ."

ಹಿಮಾಲಯ ಕಾಣದಿದ್ದರೂ ತಾತ ಸಹಿಸಿಕೊಂಡಾರು. ಸಹಿಸಲಾಗದಿದ್ದುದು ಅನ್ನ. ಅರವತ್ತೆಂಟು ವರ್ಷ ಎರಡು ಹೊತ್ತೂ ರಾಗಿಮುದ್ದೆ ಉಂಡ ದೇಹ ಅವರದು. ಅಮ್ಮ ಬಿಸಿ ಅನ್ನ, ಆಲೂ ಪಲ್ಯ, ಬೇಳೆಸಾರು ಬಡಿಸಿದರೆ ತಾತ ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿ, "ಸರಿ, ತಿಂಡಿ ಆಯ್ತು. ಊಟ ಯಾವಾಗವ್ವ?" ಎನ್ನುತ್ತಿದ್ದರು. ಅಪ್ಪ ಬಜಾರಿನಲ್ಲಿ ರಾಗಿ ಕೇಳಿಕೊಂಡು ಹೋಗಿ ಪೆಚ್ಚಾಗಿ ಬಂದಿದ್ದರು. ಅದನ್ನು ಹಿಂದಿಯಲ್ಲಿ ಏನೆನ್ನುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ. ಕೈಸನ್ನೆ ಮಾಡಿ ವಿವರಿಸಿದ್ದಕ್ಕೆ ಅಂಗಡಿಯವನು ಪಕ್ಷಿಗೆ ಹಾಕುವ ಕಾಳು ಕಟ್ಟಿಕೊಟ್ಟಿದ್ದ.

ಹಾಗಾಗಿ ಎಲ್ಲರ ಆಸೆಯೂ ಒಂದು ಮೂಟೆಯ ಮೇಲಿತ್ತು. ಚಿಕ್ಕಪ್ಪ ಮದ್ದೂರಿನಲ್ಲಿ ಒಂದು ಮೂಟೆ ರಾಗಿಯನ್ನು ರೈಲಿಗೆ ಹಾಕಿ ರಸೀದಿಯನ್ನು ಅಂಚೆಯಲ್ಲಿ ಕಳಿಸಿದ್ದ. ರಸೀದಿ ಬಂದು ವಾರವಾಗಿತ್ತು, ಮೂಟೆಯ ಪತ್ತೆಯಿಲ್ಲ. ಪಾಪ, ಅದು ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಇಳಿದು ಹತ್ತಿ, ಮದರಾಸು ಕಲ್ಕತ್ತೆ ಎಲ್ಲ ಸುತ್ತಿ, ಬೆಟ್ಟದ ಬುಡದಲ್ಲಿ ಮತ್ತೆ ಇಳಿದು ನಮ್ಮ ಪುಟ್ಟ ರೈಲನ್ನು ಹತ್ತಬೇಕಿತ್ತು. ತಾತ ದಿನಾ ಬೆಳಿಗ್ಗೆ ಶಾಲು ಹೊದ್ದು, ನನ್ನ ಕೈ ಹಿಡಿದು, ಗೂಡ್ಸ್ ರೈಲು ಬರುವ ಹೊತ್ತಿಗೆ ಸ್ಟೇಷನ್ನಿನಲ್ಲಿ ಹಾಜರು. ನೆಂಟರನ್ನು ಕರೆತರಲು ಹೋದವರ ಹಾಗೆ.

ಗೂಡ್ಸ್ ಎಂದರೆ ಬಯಲಿನವರು ಕಂಡಿರುವ ಮುಗಿಯದ ಸರಪಳಿಯಲ್ಲ. ಹಳಿಗಳ ನಡುವೆ ಎರಡೇ ಅಡಿ. ಒಂದು ಪುಟ್ಟ ಉಗಿ ಎಂಜಿನ್ನು, ಅದರ ಹಿಂದೆ ಮೂರೋ ನಾಲ್ಕೋ ಡಬ್ಬಿ. ಸರಕು ಹೆಚ್ಚಿದ್ದರೆ ರೈಲನ್ನು ಉದ್ದ ಮಾಡುತ್ತಿರಲಿಲ್ಲ, ಮಾಡಿದರೆ ಎಂಜಿನ್ನು ಏರುತ್ತಿರಲಿಲ್ಲ. ಅದರ ಬದಲು ಒಂದರ ಹಿಂದೊಂದು ಇನ್ನೆರಡು ರೈಲು ಬಿಡುತ್ತಿದ್ದರು. ಮುಂದಿನದರ ಬಾಲ ಹಿಂದಿನದಕ್ಕೆ ಕಾಣುವಷ್ಟು ದೂರದಲ್ಲಿ ಮೂರೂ ಸಾಲಾಗಿ ಬಜಾರಿನ ನಡುವೆ ಏದುಸಿರು ಬಿಡುತ್ತಾ ಬರುತ್ತಿದ್ದವು. ಅಕ್ಕಿ, ಆಲೂ, ಸೀಮೆಎಣ್ಣೆ ಮೇಲಕ್ಕೆ. ಚಹಾ, ಕಿತ್ತಳೆ ಕೆಳಕ್ಕೆ. ಕಿತ್ತಳೆಯ ಡಬ್ಬಿ ಹಾದುಹೋದರೆ ಕಲ್ಲಿದ್ದಲ ಹೊಗೆಯೂ ಸಿಹಿ ವಾಸನೆ ಬರುತ್ತಿತ್ತು. ಇದರಲ್ಲಿ ನನಗೆ ಅನುಮಾನವಿಲ್ಲ. ಈಗಲೂ ಕಲ್ಕತ್ತೆಯ ಗರಿಯಾಹಾಟಿನ ಹಣ್ಣಿನ ಅಂಗಡಿಯ ಪಕ್ಕ ಹಳೆಯ ಬಸ್ಸೊಂದು ಹೊಗೆ ಬಿಟ್ಟರೆ ನನಗೆ ಒಂಬತ್ತು ವರ್ಷ.

ಅಷ್ಟು ಸಣ್ಣ ರೈಲಿಗೆ ಇದ್ದ ಆಳುಗಳನ್ನು ಎಣಿಸುವುದೇ ನನಗೂ ಅಕ್ಕನಿಗೂ ಆಟ. ಡ್ರೈವರು, ಬೆಂಕಿಯವನು, ಎಂಜಿನ್ನಿನ ನೆತ್ತಿಯ ಮೇಲೆ ಕೂತು ಕಲ್ಲಿದ್ದಲು ಒಡೆಯುವವನು. ಒಂದೊಂದು ಡಬ್ಬಿಗೂ ಒಬ್ಬೊಬ್ಬ ಬ್ರೇಕಿನವನು. ಶಿಳ್ಳೆ ಕೇಳಿದಾಗ ತನ್ನ ಡಬ್ಬಿಯ ಬ್ರೇಕನ್ನು ತಾನೇ ಕೈಯಿಂದ ತಿರುಗಿಸಬೇಕು. ಕೊನೆಯಲ್ಲಿ ಗಾರ್ಡು. ಎಲ್ಲರಿಗಿಂತ ಮುಂದೆ, ಎಂಜಿನ್ನಿನ ಮೂತಿಯ ಮೇಲೆ, ಎಡಕ್ಕೊಬ್ಬ ಬಲಕ್ಕೊಬ್ಬ ಮರಳಿನವರು. ಹಳಿ ಒದ್ದೆಯಾಗಿ ಚಕ್ರ ಜಾರಿದರೆ ಇವರು ಪೆಟ್ಟಿಗೆಯಿಂದ ಮುಷ್ಟಿ ಮುಷ್ಟಿ ಮರಳು ತೆಗೆದು ಹಳಿಯ ಮೇಲೆ ಉದುರಿಸಬೇಕು. ನಮ್ಮೂರಿನಲ್ಲಿ ರಂಗೋಲಿ ಬಿಡುವ ಹಾಗೆ, ಬೆರಳ ಸಂದಿಯಿಂದ ಸಣ್ಣಗೆ.

ತಾತ ಮೊದಲ ದಿನ ಇಡೀ ಪರಿವಾರವನ್ನು ನೋಡಿ ಹೇಳಿದ್ದರು: "ಸರಕಿಗಿಂತ ಆಳೇ ಜಾಸ್ತಿ ಅವ್ರಲ್ಲೋ! ಎಲ್ಲಾ ಇಳ್ದು ತಲೆ ಮ್ಯಾಲೆ ಹೊತ್ಕಂಡ್ ಓದ್ರೆ ಇನ್ನೂ ಬೇಗ ಆಯ್ತದಲ್ವಾ?"

ಇದನ್ನು ಹಿಂದಿ ಮಾಡಿ ಗಾರ್ಡಿಗೆ ಹೇಳು ಎಂದು ನನಗೆ ಅಪ್ಪಣೆಯಾಯಿತು. ಹೇಳಿದೆ. ಗಾರ್ಡು ಹೊಟ್ಟೆ ಹಿಡಿದು ನಕ್ಕ. ಅವನೊಬ್ಬ ಗುಂಡು ಮುಖದ, ಲಿಂಬು ಎಂಬ ಬೆಟ್ಟದ ಜನಾಂಗದ ಮನುಷ್ಯ, ಹೆಸರು ಸುಬ್ಬಾ. ಹೆಸರು ಕೇಳಿದ್ದೇ ತಾತನಿಗೆ ಅರ್ಧ ಊರೇ ಸಿಕ್ಕಂತಾಯಿತು. "ನಮ್ ಕಡೆಯೋನೇ ಯಾವ್ದೋ ಕಾಲದಲ್ಲಿ ಇತ್ಲಾಗ್ ಬಂದ್ಬುಟ್ಟವ್ನೆ ಬುಡು," ಎಂದು ತೀರ್ಮಾನಿಸಿ ಅಂದಿನಿಂದ "ಏ ಸುಬ್ಬ" ಎಂದೇ ಕರೆದರು. ಅವನು ಅವರನ್ನು "ಬಾಬಾ" ಎನ್ನುತ್ತಿದ್ದ. ಇಬ್ಬರಿಗೂ ಮಾತು ದಾಟಿಸುವ ದುಭಾಷಿ ನಾನು.

ಆ ಕೆಲಸ ಸಿಕ್ಕಿದ್ದು ನನ್ನ ಜೀವನದ ದೊಡ್ಡ ಬಡ್ತಿ. ಕಲ್ಕತ್ತೆಯಲ್ಲಿ ನಮ್ಮ ಪಾಡಾದಲ್ಲಿ, ಅಂದರೆ ಕೇರಿಯಲ್ಲಿ, ನಾನು ಎಲ್ಲರಿಗಿಂತ ಚಿಕ್ಕವನು, ಫುಟ್ಬಾಲಿನಲ್ಲಿ ಚೆಂಡು ತರುವವನು, ಬಂಗಾಳಿ ತಪ್ಪು ಮಾತಾಡುವವನು. ಮನೆಯಲ್ಲಿ ಅಕ್ಕ ಇದ್ದಳು, ಅಷ್ಟು ಹೇಳಿದರೆ ಸಾಕು. ತಾತನಿಗೆ ಮಾತ್ರ ನಾನಿಲ್ಲದೆ ಒಂದು ಲೋಟ ಚಹಾ ಕೂಡ ಸಿಗುತ್ತಿರಲಿಲ್ಲ. ನನ್ನ ಹರುಕು ಕನ್ನಡವನ್ನು ನೋಡಿ "ಕಾಗೆ ಕಲ್ತ ಕನ್ನಡ" ಎಂದು ಗೇಲಿ ಮಾಡುತ್ತಲೇ ಬುಗುರಿ ಕೆತ್ತಿಕೊಟ್ಟರು, ಸೀಬೆ ಕಡ್ಡಿಯಲ್ಲಿ ಶಿಳ್ಳೆ ಮಾಡಿಕೊಟ್ಟರು. ಸೀಬೆ ಮರ ಆ ಚಳಿಯಲ್ಲಿತ್ತೇ? ಗೊತ್ತಿಲ್ಲ. ಶಿಳ್ಳೆಯಂತೂ ಇತ್ತು. ರಾತ್ರಿ ಮಲಗುವಾಗ ಅವರ ಕಂಬಳಿಯಲ್ಲಿ ನನಗೊಂದು ಮೂಲೆ ಇತ್ತು, ಅದರಲ್ಲಿ ಹೊಗೆಸೊಪ್ಪು ಮತ್ತು ಹರಳೆಣ್ಣೆಯ ವಾಸನೆ ಇತ್ತು.

ಹೀಗಿರುವಾಗ ಒಂದು ಸೋಮವಾರ ತಾತ ತಟ್ಟೆ ಸರಿಸಿ ಎದ್ದು ನಿಂತರು.

"ಶುಕ್ರವಾರ ನಾನು ಒರಡ್ತೀನಿ."

"ಮೂಟೆ ಬರ್ತದೆ ಕಣಪ್ಪ, ಇನ್ನೊಂದ್ ವಾರ ನೋಡಿ," ಎಂದರು ಅಪ್ಪ.

"ಮೂಟೆ ಬರೋಗಂಟ ನಾನ್ ಇರ್ಬೇಕಲ್ಲ! ನೋಡು, ಉಡ್ದಾರ ಸಡ್ಲ ಆಗೋಗದೆ." ತಾತ ಪಂಚೆ ಸರಿಸಿ ಸಡಿಲವಾದ ಉಡುದಾರವನ್ನು ಸಭೆಗೆ ತೋರಿಸಿದರು. ಅಮ್ಮ ಅಡುಗೆಮನೆಗೆ ಓಡಿದಳು.

ಅಪ್ಪ ನಿಜವಾಗಿಯೂ ಟಿಕೆಟ್ ತಂದರು. ತಾತ ಟ್ರಂಕಿಗೆ ಹಗ್ಗ ಬಿಗಿದರು. ನಾನು ಮೂರು ದಿನ ಜ್ವರ ಬರಿಸಿಕೊಳ್ಳಲು ನೋಡಿದೆ. ಒದ್ದೆ ಕಾಲುಚೀಲ ಹಾಕಿಕೊಂಡೆ, ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡೆ. ಬಂದದ್ದು ಈರುಳ್ಳಿಯ ವಾಸನೆ ಮಾತ್ರ. ಆ ಚಳಿಗಾಲದ ಉಳಿದ ಅಷ್ಟೂ ದಿನ ಅಕ್ಕ ನನ್ನನ್ನು "ಬೋಂಡಾ" ಎಂದು ಕರೆದಳು.

ಗುರುವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ಅಂಗಡಿ ಕಾಣುತ್ತಿರಲಿಲ್ಲ. ಮೂಟೆಯನ್ನು ಕೊನೆಯ ಸಲ ವಿಚಾರಿಸಲು ತಾತನೂ ನಾನೂ ಹೋದೆವು. ರೈಲು ಸ್ಟೇಷನ್ನಿಗೆ ಬಂದಿರಲಿಲ್ಲ. ಊರಿನ ಕೆಳಗೆ ರೈಲು ಮುಂದೆ ಹೋಗಿ, ನಿಂತು, ಹಿಂದಕ್ಕೆ ಚಲಿಸಿ ಮೇಲೇರಿ, ಮತ್ತೆ ಮುಂದೆ ಹೋಗುವ ಒಂದು ತಿರುವಿತ್ತು. ಕತ್ತರಿಯಂಥ ಜಾಗ. ಅಲ್ಲಿಂದ ಎಂಜಿನ್ನು ಕೂಗುವುದು ಕೇಳುತ್ತಿತ್ತು. ಕಾಲುದಾರಿ ಹಿಡಿದು ಇಳಿದೆವು.

ಸುಬ್ಬಾನ ರೈಲು ಅಲ್ಲಿ ಸಿಕ್ಕಿಕೊಂಡಿತ್ತು. ಚಕ್ರ ಇದ್ದಲ್ಲೇ ಗಿರ್ರನೆ ತಿರುಗುತ್ತಿತ್ತು, ರೈಲು ಒಂದಿಂಚೂ ಏರುತ್ತಿರಲಿಲ್ಲ. ಹಿಂದಿನ ದಿನ ಅದೇ ಹಳಿಯ ಮೇಲೆ ಕಿತ್ತಳೆ ಸಿಪ್ಪೆ ಸಾಲಾಗಿ ಇಟ್ಟವನು ನಾನೇ ಆದ್ದರಿಂದ ತಾತನ ಶಾಲಿನ ಹಿಂದೆ ಸರಿದೆ. ಇಡೀ ರೈಲ್ವೆಯನ್ನು ನಾನೇ ಕೆಡವಿದೆ ಎಂದು ಬಹಳ ವರ್ಷ ನಂಬಿದ್ದೆ. ಮಂಜಿನ ನೀರು ಸಾಕು, ಸಿಪ್ಪೆ ಬೇಕಿಲ್ಲ ಎಂದು ಈಗ ಗೊತ್ತು. ಅಸಲು ತೊಂದರೆ ಬೇರೆ: ಮರಳಿನ ಪೆಟ್ಟಿಗೆಗೆ ನೀರು ಇಳಿದು ಮರಳು ಮುದ್ದೆಯಾಗಿತ್ತು. ಬೆರಳ ಸಂದಿಯಿಂದ ಉದುರುವ ಬದಲು ಉಂಡೆ ಉಂಡೆಯಾಗಿ ಬಿದ್ದು ಹಳಿಯ ಆಚೆ ಉರುಳುತ್ತಿತ್ತು.

ಮರಳಿನವರಿಬ್ಬರು ಹಳಿಯ ಪಕ್ಕ ಎಂಜಿನ್ನಿನ ಕೆಂಡ ಸುರಿದು, ಅದರ ಮೇಲೆ ತಗಡಿಟ್ಟು, ಮರಳು ಒಣಗಿಸುತ್ತಿದ್ದರು. ಬೇರೆ ರೈಲುಗಳಲ್ಲೂ ಹೀಗೇ ಮಾಡುತ್ತಿದ್ದರೋ, ಆ ದಿನದ ಪಾಡೋ ನನಗೆ ತಿಳಿಯದು. ತಾತ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಮರಳಲ್ಲಿ ಕಡ್ಲೆಕಾಯ್ ಹುರಿಯೋದ್ ಕಂಡಿವ್ನಿ. ಕಡ್ಲೆಕಾಯೇ ಇಲ್ದೆ ಬರೀ ಮರಳ್ ಹುರಿಯೋರ್ನ ಇವತ್ತೇ ಕಂಡಿದ್ದು!"

ನಾನು ದಾಟಿಸಿದೆ. ಮರಳಿನವರು ನಗಲಿಲ್ಲ, ಅವರ ತಗಡಿನಲ್ಲಿ ಮೇಲಿನ ಮರಳು ಒದ್ದೆ, ಕೆಳಗಿನದು ಸುಟ್ಟು ಕಪ್ಪು.

"ಅಂಗಲ್ಲ ಕಣ್ರಯ್ಯ, ಸರೀರಿ ಅತ್ಲಾಗೆ," ಎಂದು ತಾತ ಕುಕ್ಕರುಗಾಲಲ್ಲಿ ಕೂತೇಬಿಟ್ಟರು. ಬೆಂಕಿಯವನ ಸಲಿಕೆ ಇಸಿದುಕೊಂಡು, ಕೆಂಡವನ್ನು ಅಗಲಕ್ಕೆ ಹರಡಿ, ಮರಳನ್ನು ತೆಳ್ಳಗೆ ಹಾಸಿ, ಅಜ್ಜಿ ಊರಿನಲ್ಲಿ ಹುರಿಗಾಳು ಹುರಿಯುವ ಹದದಲ್ಲಿ ಮಗುಚತೊಡಗಿದರು. ನಡುವೆ ಒಮ್ಮೆ ಚಿಟಿಕೆ ಮರಳು ಎತ್ತಿ ಕಿವಿಯ ಹತ್ತಿರ ತಿಕ್ಕಿ ಸದ್ದು ಕೇಳಿದರು. "ಈಗ ಆಯ್ತು, ಇಳ್ಸು." ಹತ್ತು ನಿಮಿಷಕ್ಕೆ ಒಂದು ಒಬ್ಬೆ. ಮೂರು ಒಬ್ಬೆಗೆ ಪೆಟ್ಟಿಗೆ ಅರ್ಧ ತುಂಬಿತು. ಬ್ರೇಕಿನವರೆಲ್ಲ ಇಳಿದು ಸುತ್ತ ನಿಂತಿದ್ದರು. ಹಿಂದಿನ ರೈಲಿನ ಡ್ರೈವರು ಮಂಜಿನಿಂದ ಎದ್ದು ಬಂದು ತಾನೂ ಒಂದು ಡಬ್ಬ ಒದ್ದೆ ಮರಳು ತಂದು ಸರದಿಯಲ್ಲಿ ನಿಂತ. ತಾತನಿಗೆ ಬಂದ ಹೆಮ್ಮೆ ಹೇಳತೀರದು.

"ಯೋಳ್ಲಾ ಮಗಾ, ನಾನಿಲ್ಲಾಂದ್ರೆ ಇವ್ರ ರೈಲು ನಾಳೀಕೂ ಏರ್ತಿರ್ನಿಲ್ಲ ಅಂತ."

ಸುಬ್ಬಾನ ಮನೆ ಆ ತಿರುವಿನಲ್ಲೇ. ಅವನ ಗಾರ್ಡಿನ ಡಬ್ಬಿಗೂ ಮನೆ ಬಾಗಿಲಿಗೂ ಹತ್ತು ಹೆಜ್ಜೆ. ಮುಂದಿನ ರೈಲು ದಾರಿ ಬಿಡುವವರೆಗೆ ಹೇಗೂ ನಿಲ್ಲಬೇಕು, ಬಾಬಾ ಒಳಗೆ ಬಂದು ಕೈಕಾಲು ಕಾಯಿಸಿಕೊಳ್ಳಲಿ ಎಂದ. ತಾತ ಹೊಸ್ತಿಲು ದಾಟುತ್ತಾ ನನ್ನ ತಲೆ ಸವರಿದರು. "ನಾಳೆ ಇಷ್ಟೊತ್ಗೆ ಬೆಟ್ಟ ಇಳ್ದಿರ್ತೀನಿ. ಸುಬ್ಬಂಗೂ ಒಂದ್ ಮಾತ್ ಯೋಳ್ಬುಡು."

ಆ ಮಾತನ್ನು ನಾನು ದಾಟಿಸಲಿಲ್ಲ. 

ಸುಬ್ಬಾನ ಹೆಂಡತಿ ಒಂದು ಬಿದಿರಿನ ಲೋಟ ತಂದು ತಾತನ ಮುಂದಿಟ್ಟಳು. ಮೊಳದುದ್ದದ ಲೋಟ. ತುಂಬ ಏನೋ ಕಂದು ಕಾಳು, ಅದರೊಳಗೆ ಒಂದು ಬಿದಿರ ಕೊಳವೆ. ಮೇಲಿಂದ ಬಿಸಿ ನೀರು ಸುರಿದಳು. ಹುಳಿಹುಳಿಯಾದ, ಬೆಚ್ಚನೆಯ ವಾಸನೆ ಎದ್ದಿತು. ಸುಬ್ಬಾ ತನಗೆ ಬಂದ ಲೋಟವನ್ನು ಕೈಯಿಂದ ತಡೆದು ಹಿಂದಿಯಲ್ಲಿ ಹೇಳಿದ: "ನಾನು ಡ್ಯೂಟಿ ಮೇಲಿದ್ದೇನೆ, ನನಗೆ ಚಹಾ. ಬಾಬಾಗೆ ಹೇಳು, ಚಳಿಗೆ ಒಳ್ಳೆಯದು. ಸ್ವಲ್ಪ ನಶೆ ಇರುತ್ತೆ, ಜಾಸ್ತಿಯಿಲ್ಲ."

ಇಲ್ಲಿ ತಾತನ ಒಂದು ವಿಷಯ ಹೇಳಬೇಕು. ವಯಸ್ಸಿನಲ್ಲಿ ಊರಿನ ಹುಡುಗರನ್ನು ಕಟ್ಟಿಕೊಂಡು ಹೆಂಡದ ಮಡಕೆ ಒಡೆದವರು ಅವರು. ಮದುವೆಯ ದಿನ ಅಜ್ಜಿಯ ಕೈಹಿಡಿದು, ಹೆಂಡ ಸಾರಾಯಿ ಮುಟ್ಟಿದರೆ ಈ ಕೈ ಬಿದ್ದುಹೋಗಲಿ ಎಂದು ಆಣೆ ಇಟ್ಟಿದ್ದರು. ಆ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆಮೇಲೆ ನೆಗಡಿಗೆ ಕೊಟ್ಟ ಔಷಧಿಯನ್ನೂ ಮೂಸಿ ನೋಡುತ್ತಿದ್ದರು.

"ಏನಂತ್ಲಾ ಸುಬ್ಬ?" ಎಂದು ತಾತ ಕೇಳಿದರು.

ನಶೆ ಎಂದರೆ ಏನೆಂದು ನನಗೆ ಗೊತ್ತಿತ್ತು. ನಮ್ಮ ಪಾಡಾದ ರಿಕ್ಷಾದವನೊಬ್ಬ ದಿನಾ ಸಂಜೆ ಅದರಲ್ಲೇ ಇರುತ್ತಿದ್ದ. ನಿಜ ಹೇಳಿದರೆ ತಾತ ಎದ್ದು ಹೊರಟುಬಿಡುತ್ತಾರೆ, ಎದ್ದವರು ಮನೆಗೆ, ಮನೆಯಿಂದ ಟ್ರಂಕಿಗೆ, ಟ್ರಂಕಿನಿಂದ ಮದ್ದೂರಿಗೆ. ಆ ಹುಳಿ ವಾಸನೆ ಮಾತ್ರ ಅಮ್ಮ ಹೇಳುತ್ತಿದ್ದ ಯಾವುದೋ ಪದಾರ್ಥದ ಹಾಗಿತ್ತು.

"ಅಂಬಲಿ ಅಂತೆ ತಾತ," ಎಂದೆ. "ಬಿಸಿ ಅಂಬಲಿ."

ತಾತ ನನ್ನನ್ನು ನೋಡಿದರು. ಕೊಳವೆಗೆ ಬಾಯಿ ಹಚ್ಚಿ ಒಂದು ಗುಟುಕು ಎಳೆದರು. ನಿಲ್ಲಿಸಿದರು. ಕಣ್ಣು ಮುಚ್ಚಿದರು. ಇನ್ನೊಂದು ಗುಟುಕು. ಆಮೇಲೆ ಲೋಟದೊಳಗೆ ಎರಡು ಬೆರಳು ತೂರಿಸಿ, ಉಬ್ಬಿದ ಕಾಳನ್ನು ತೆಗೆದು ಅಂಗೈ ಮೇಲೆ ಹರಡಿ, ಬಾಗಿಲ ಬೆಳಕಿಗೆ ಹಿಡಿದು ನೋಡಿ, ನಾಲಿಗೆಯ ಮೇಲಿಟ್ಟು ಕಡಿದರು.

"ಲೇ," ಎಂದರು.  "ಲೇ, ರಾಗಿ ಕಣ್ಲಾ ಇದು!"

ನಾನು ಸುಬ್ಬಾನನ್ನು ಕೇಳಿದೆ. "ಇದು ಕೋದೋ," ಎಂದ. ಅವನ ಹೆಂಡತಿ ಒಳಗಿನಿಂದ ಬುಟ್ಟಿಯಲ್ಲಿ ಒಣ ಕಾಳು ತಂದು ತೋರಿಸಿದಳು. ಅವಳ ತವರಿನಿಂದ ಬಂದದ್ದು. ಕೆಳಗಿನ ಮೆಟ್ಟಿಲು ಹೊಲಗಳಲ್ಲೆಲ್ಲ ಅದೇ ಬೆಳೆ, ನಾವು ಬರುವಷ್ಟರಲ್ಲಿ ಕೊಯ್ಲು ಮುಗಿದು ಮನೆ ಸೇರಿತ್ತು ಅಷ್ಟೆ. ಬಜಾರಿಗೆ ಯಾಕೆ ಬರುವುದಿಲ್ಲ ಎಂದು ಕೇಳಿದ್ದಕ್ಕೆ ಅವಳು, "ಇದಕ್ಕೇ ಸಾಲುವುದಿಲ್ಲ, ಮಾರುವವರು ಯಾರು?" ಎಂದು ಲೋಟ ತೋರಿಸಿ ನಕ್ಕಳು. ಆ ಮಾತಿನ ಉತ್ತರಾರ್ಧವನ್ನು ನಾನು ಅನುವಾದ ಮಾಡಲಿಲ್ಲ.

ತಾತ ಬುಟ್ಟಿಯಲ್ಲಿ ಮೊಣಕೈವರೆಗೆ ತೋಳು ಮುಳುಗಿಸಿ ಕೂತರು. ಅತ್ತರೋ ನಕ್ಕರೋ ಹೊಗೆಯಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ. "ಸಾವ್ರ ಹರ್ದಾರಿ! ಆ ಮೂಟೆ ಸಾವ್ರ ಹರ್ದಾರಿ ರೈಲ್ ಮ್ಯಾಲ್ ರೈಲ್ ಅತ್ತಿ ಬತ್ತಾ ಐತೆ, ಇಲ್ ನೋಡುದ್ರೆ ಸುಬ್ಬನ್ ಎಂಡ್ತಿ ಬುಟ್ಟೀಲಿ ಕುಂತದೆ!"

ಬಿಸಿ ನೀರು ಮೂರು ಸಲ ಸುರಿಯಲಾಯಿತು. ಹೊರಗೆ ಎಂಜಿನ್ನು ಶಿಳ್ಳೆ ಹಾಕಿದಾಗ ಸುಬ್ಬಾ ಚಹಾ ಮುಗಿಸಿ ಎದ್ದ. ತಾತ ಹುರಿದ ಮರಳು ಗರಗರನೆ ಉದುರಿತು. ರೈಲು ಕಟಕಟಿಸಿ, ಹಿಂದಕ್ಕೆ ಚಲಿಸಿ, ಮಂಜಿನೊಳಗೆ ಏರಿಹೋಯಿತು. ತಾತ ನಿಂತು ಅದಕ್ಕೆ ಕೈಮುಗಿದರು.

ದಾರಿಯಲ್ಲಿ ತಾತ ನನಗೆ ನಮ್ಮ ಊರಿನ ಹದಿನಾಲ್ಕು ಎತ್ತುಗಳ ಹೆಸರು ಹೇಳಿದರು. ಒಂದು ಕಡೆ ಒಂಟಿ ಹಳಿಯ ಮೇಲೆ ಎರಡು ಕೈ ಚಾಚಿ ನಡೆದು ತೋರಿಸಿದರು. ನಾಲ್ಕು ಹೆಜ್ಜೆ ನಡೆದರು ಎಂದು ನನ್ನ ನೆನಪು; ತಾನಿಲ್ಲದ ಕಡೆಯಲ್ಲೂ ಇದ್ದೆ ಎನ್ನುವ ಅಕ್ಕ, ಎರಡೇ ಹೆಜ್ಜೆ ಎನ್ನುತ್ತಾಳೆ. ಶಾಲಿನಲ್ಲಿ ಕಟ್ಟಿ ತಂದಿದ್ದ ಎರಡು ಸೇರು ಕಾಳನ್ನು ಅಡುಗೆಮನೆಯಲ್ಲಿ ಸುರಿದಾಗ ಅಮ್ಮ ಬಾಯಿ ತೆರೆದು ನಿಂತಳು.

"ರಾಗಿ! ಮೂಟೆ ಬಂತಾ ಮಾವ?"

"ಮೂಟೆ ಯಾವನಿಗ್ ಬೇಕವ್ವ? ಬೀಸು, ಬೀಸು!"

ಪಕ್ಕದ ಮನೆಯ ಬೀಸುವ ಕಲ್ಲು ತಂದು ಅಮ್ಮ ಬೀಸಿದಳು. ಅಂದು ರಾತ್ರಿ ತಾತ ಎರಡು ಮುದ್ದೆ ಉಂಡು, ಮೂರನೆಯದಕ್ಕೆ ಸಾರು ಸಾಲದೆ ಜಗಳವಾಡಿದರು. ಅಮ್ಮ ಮಾತ್ರ ಒಮ್ಮೆ ಮೂಗು ಅರಳಿಸಿ, "ಮಾವ ಯಾಕೋ ವಿಪರೀತ ನಗ್ತಾವ್ರಲ್ಲ?" ಎಂದಳು. "ಚಳಿಗೆ," ಎಂದೆ ನಾನು.

ಟ್ರಂಕಿನ ಹಗ್ಗ ಬಿಚ್ಚಿಕೊಂಡಿತು. ತಾತ ಫಾಲ್ಗುಣದವರೆಗೆ ಉಳಿದರು.

ಆ ಎರಡು ತಿಂಗಳು ವಾರಕ್ಕೊಮ್ಮೆ, ಕೆಲವು ವಾರ ಎರಡು ಸಲ, "ಬಾರ್ಲಾ, ಸುಬ್ಬನ ಮನೇಲಿ ಅಂಬ್ಲಿ ಕುಡ್ದು ಬರಾನ," ಎಂದು ತಾತ ನನ್ನನ್ನು ಎಬ್ಬಿಸಿಕೊಂಡು ಹೋಗುತ್ತಿದ್ದರು. ಅವರು ಕೊಳವೆ ಎಳೆಯುವಾಗಲೆಲ್ಲ ನಾನು ಅವರ ಬಲಗೈಯನ್ನೇ ನೋಡುತ್ತಿದ್ದೆ, ಈಗ ಬಿದ್ದೀತು, ಈಗ ಬಿದ್ದೀತು ಎಂದು. ಬೀಳಲಿಲ್ಲ. ಆದರೆ ನನ್ನ ಹೊಟ್ಟೆಯೊಳಗೆ ಏನೋ ಬಿದ್ದು ಅಲ್ಲೇ ಕೂತಿತು. ಒಬ್ಬ ಒಳ್ಳೆಯ ಮನುಷ್ಯನ ನಲವತ್ತು ವರ್ಷದ ಆಣೆಯನ್ನು ನಾನು ಒಂದು ಪದದಲ್ಲಿ ಮುರಿದಿದ್ದೆ.

ಮದ್ದೂರಿನ ಮೂಟೆ ಕೊನೆಗೂ ಬಂತು, ತಾತ ಹೊರಡುವ ಹಿಂದಿನ ವಾರ. ಹೊಲಿಗೆ ಬಿಚ್ಚಿ ಅರ್ಧ ಎಲ್ಲೆಲ್ಲೋ ಉದುರಿತ್ತು. ಡಬ್ಬಿಯ ಸುತ್ತ ಗುಬ್ಬಿಗಳ ಜಾತ್ರೆ. ತಾತ ಉಳಿದದ್ದನ್ನು ಮುಟ್ಟಿ ನೋಡಿ, "ಸುಬ್ಬನ ಎಂಡ್ತಿಗೆ ಕೊಟ್ಬುಡ್ರಪ್ಪ, ಅಂಬ್ಲಿಗಾಯ್ತದೆ," ಎಂದರು. ಅಮ್ಮನ ಮುಖ ನೋಡಬೇಕಿತ್ತು. ಹೊರಡುವ ದಿನ ಪ್ಯಾಸೆಂಜರ್ ರೈಲಿನ ಕಿಟಕಿಯಿಂದ ತಾತ ನನ್ನ ಕೆನ್ನೆ ಹಿಂಡಿದರು. ಅವರ ಹಿಂದೆಯೇ, ಕಣ್ಣಳತೆಯ ದೂರದಲ್ಲಿ, ಸುಬ್ಬಾನ ಗೂಡ್ಸು ಚಹಾ ಹೊತ್ತು ಇಳಿಯಿತು. ತಿರುವು ಮರೆಯಾಗುವವರೆಗೆ 'ಏ ಸುಬ್ಬಾ' ಎಂಬ ಕೂಗು ಕೇಳುತ್ತಿತ್ತು. ಎರಡು ವರ್ಷದ ಬಳಿಕ ತಾತ ಊರಿನಲ್ಲಿ ತೀರಿಕೊಂಡರು. ಆ ಅಂಬಲಿಯ ವಿಷಯ ಅವರನ್ನು ಕೇಳುವುದು ಉಳಿದೇಹೋಯಿತು.

ಕಳೆದ ತಿಂಗಳು ಗರಿಯಾಹಾಟಿನಲ್ಲಿ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ಮಗಳು ಫೋನಿನಲ್ಲಿ ಒತ್ತಿದ್ದಕ್ಕೆ ಹದಿನೈದು ನಿಮಿಷದಲ್ಲಿ ಒಂದು ಪೊಟ್ಟಣ ರಾಗಿಹಿಟ್ಟು ಬಾಗಿಲಿಗೆ ಬಂತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳದ ಆ 'ಅಂಬಲಿ'ಯ ವಿಷಯ ಬಾಯಿಬಿಟ್ಟೆ.

"ಮಾಮ, ಸೋ ತಾತನ್ನ ನೀವ್ ಚೀಟ್ ಮಾಡಿದ್ರಾ?" ಎಂದಳು ಹುಡುಗಿ, ಕಣ್ಣರಳಿಸಿ.

ಅಕ್ಕ ಸೌಟು ಕೆಳಗಿಟ್ಟಳು. "ಎಲ್ಲಿ ಚೀಟು? ತಾತಂಗೆ ಮೊದಲನೇ ಗುಟುಕಿಗೇ ಗೊತ್ತಾಗಿತ್ತು."

"ನಿಂಗೆ ಹೇಗೆ ಗೊತ್ತು?"

"ಹೇಳಿದ್ರು. ಹೊರಡೋ ದಿನ ಟ್ರಂಕಿಗೆ ಹಗ್ಗ ಕಟ್ತಾ. 'ಅವ್ನು ಅಂಬ್ಲಿ ಅಂದಾಗ ಮುಖ ನೋಡ್ಬೇಕಿತ್ತು ಕಣವ್ವ, ಅಳೋ ಹಂಗಾಗಿದ್ದ. ನಾನ್ ಓಗ್ಬುಡ್ತೀನಿ ಅಂತ ಸುಳ್ಳೇಳವ್ನೆ ಮಗ. ಅದ್ಕೇ ಉಳ್ಕಂಡೆ. ನಂಗೆ ಗೊತ್ತಿತ್ತು ಅಂತ ಅವ್ನ್ಗೆ ಯೋಳ್ಬ್ಯಾಡ, ಎಂಡಕ್ಕೆ ಉಳ್ಕಂಡ ಅಂದ್ಕತಾನೆ' ಅಂದ್ರು. ಮಾತು ಕೊಟ್ಟಿದ್ದೆ, ಇಟ್ಕೊಂಡೆ."

 ನನ್ನ ಕಸುಬು ಎದ್ದು ಕೂತಿತು. ಹಗ್ಗ ಯಾವ ಬಣ್ಣದ್ದು? ಆಗ ಅಮ್ಮ ಎಲ್ಲಿದ್ದಳು? ಇಷ್ಟು ಉದ್ದದ ಮಾತು ಇಷ್ಟು ವರ್ಷ ಅಕ್ಷರ ತಪ್ಪದೆ ನೆನಪಿರುವುದು ಹೇಗೆ?

"ನಂಬೋದಾದ್ರೆ ನಂಬು, ಇಲ್ಲಾಂದ್ರೆ ಬಿಡು ಬೋಂಡಾ," ಎಂದು ಅಕ್ಕ ಮುದ್ದೆ ಬಡಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತು. ನಾನು ಪ್ರಶ್ನೆ ಬಿಟ್ಟು ಮುದ್ದೆ ಮುರಿದೆ.

ಆ ಬೆಟ್ಟದಲ್ಲಿ ಗೂಡ್ಸ್ ರೈಲು ನಿಂತು ಬಹಳ ಕಾಲವಾಯಿತು. ಚಹಾ, ಆಲೂ, ಕಿತ್ತಳೆ ಎಲ್ಲ ಲಾರಿಯಲ್ಲಿ ಹೋಗುತ್ತವೆ. ಹಳಿಯ ಮೇಲೆ ಈಗ ಪ್ರವಾಸಿಗರು ಮಾತ್ರ, ಕೈಯಲ್ಲಿ ಫೋನು ಹಿಡಿದು. ಸುಬ್ಬಾನ ಮನೆ ಇದ್ದ ತಿರುವನ್ನು ಹೋದ ವರ್ಷ ಹುಡುಕಿಕೊಂಡು ಹೋಗಿದ್ದೆ. ಮೂರು ಜಾಗ ಒಂದೇ ಥರ ಕಂಡವು. ಹಿಮದ ಬೆಟ್ಟ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು, ತೋರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಇದನ್ನೆಲ್ಲ ಕಳೆದುಕೊಂಡದ್ದರ ಪಟ್ಟಿಗೆ ಸೇರಿಸಬಹುದು, ಲೋಕದ ಪಟ್ಟಿಗೆ. ನನ್ನದೇ ಒಂದು ನಷ್ಟವಿದೆ, ಅದಕ್ಕೆ ಯಾವ ಸಾಕ್ಷಿಯೂ ಬೇಡ. ಒಬ್ಬರು ಹೋಗದಿರಲಿ ಎಂದು ಆ ಹುಡುಗ ಹೊಟ್ಟೆಯೊಳಗಿನಿಂದ ಒಂದು ಸುಳ್ಳು ಹೇಳಿದ್ದ. ಈಗ ಮನೆಗೆ ಬಂದವರು, ಮಗನೇ ಆಗಲಿ, ಗೆಳೆಯನೇ ಆಗಲಿ, ಬ್ಯಾಗು ಎತ್ತಿಕೊಂಡು ಹೊರಡುತ್ತೇನೆ ಎಂದರೆ, ಸರಿ, ತಲುಪಿದ ಮೇಲೆ ಒಂದು ಮೆಸೇಜ್ ಮಾಡಿ ಎನ್ನುತ್ತೇನೆ.